ಆಳುದ್ದದ ಮನೆ

ತೆಂಕಳಿವೆಯಲ್ಲಿ ಹೊಳೆ ಕಡಲಿಗೆ ಸೇರುವ ಕಡೆ, ಮರಳ ದಿಬ್ಬದ ಮೇಲೆ, ಕೆಂಪು ಚಿರೆಕಲ್ಲಿನ ಒಂದು ದೊಡ್ಡ ಮನೆಯಿದೆ. ಅದರ ಜಗಲಿಗೆ ಹನ್ನೆರಡು ಹಲಸಿನ ಕಂಬಗಳು. ಎರಡೂ ತೋಳು ಚಾಚಿದರೂ ಒಂದು ಕಂಬ ಅಪ್ಪುಗೆಗೆ ಸಿಗುವುದಿಲ್ಲ. ಕಡಲಿನಿಂದ ಬರುವ ದೋಣಿಯವರಿಗೆ ಊರಿನಲ್ಲಿ ಮೊದಲು ಕಾಣುವುದು ಈ ಮನೆಯ ಮಾಡು. ಇಷ್ಟು ದೊಡ್ಡಸ್ತಿಕೆಯ ನಡುವೆ ಮುಂಬಾಗಿಲು ಮಾತ್ರ ಸಾಧಾರಣ ಗಂಡಸಿನ ಗದ್ದಕ್ಕೆ ಬರುತ್ತದೆ. ಯಾರೋ ಪುಣ್ಯಾತ್ಮರು ನೆಟ್ಟ ಫಲಕದಲ್ಲಿ ಇದನ್ನು 'ವಿನಯ ಕಲಿಸುವ ವಾಸ್ತು' ಎಂದು ಬರೆದಿದೆ. ಊರಿನವರು ಇದನ್ನು ಆಳುದ್ದದ ಮನೆ ಎನ್ನುತ್ತಾರೆ. ವಿನಯದ ಸುದ್ದಿ ಅವರಿಗೆ ಫಲಕ ಬಂದ ಮೇಲೆಯೇ ತಿಳಿದದ್ದು.

ಹಿಂದೆ ಒಮ್ಮೆ, ಅಳಿವೆಯಲ್ಲಿ ಹಾಯಿಯ ಮಚವೆಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ, ಆರು ಮಚವೆಗಳ ಒಡೆಯ ವಾಮನಯ್ಯ ಈ ಮನೆಯನ್ನು ಕಟ್ಟಿಸಿದ. ಹೆಸರು ವಾಮನ, ಮೈಕಟ್ಟು ತೆಂಗಿನ ಮರದ್ದು. ಅವನ ಹಿಂದೆ ಛತ್ರಿ ಹಿಡಿದು ಓಡಾಡುತ್ತಿದ್ದ ಆಳಿನ ಹೆಸರು ಸಣಕೂಸ. ಇವನದು ಮೊದಲೇ ಗಿಡ್ಡ ಮೈ. ಮೂವತ್ತು ವರ್ಷ ಒಡೆಯನ ಎದುರು ಬಾಗಿ ಬಾಗಿ ಇನ್ನಷ್ಟು ಗಿಡ್ಡವಾಗಿತ್ತು. ಮಾಲು ಹೇರಿಕೊಂಡು ಕೊಚ್ಚಿಗೆ ಹೊರಟ ದಿನ ವಾಮನಯ್ಯ ಬಡಗಿ ಮೋನಪ್ಪಾಚಾರಿಯನ್ನು ಕರೆಸಿ, ಮುಂಬಾಗಿಲು ಸರಿಯಾಗಿ ಆಳುದ್ದ ಇರಲಿ ಎಂದ. ಮನೆ ಕಟ್ಟಿಸುವವನ ಮೈಯನ್ನೇ ಅಳೆದು ಬಾಗಿಲಿಡುವುದು ಆಚಾರಿಗಳ ಪದ್ಧತಿ. ಮೋನಪ್ಪ ಹಗ್ಗ ತೆಗೆದ. ವಾಮನಯ್ಯ ಹಾವು ಕಂಡವನಂತೆ ಹಿಂದೆ ಸರಿದ.

"ಮೈಯಳತೆ ತೆಗೆಯೋದು ಹೆಣಕ್ಕೆ, ಕಟ್ಟಿಗೆ ಒಟ್ಟೋಕೆ. ನಂಗೇನಾಗಿದೆಯೋ?"

"ಹಾಗಾದ್ರೆ ಯಾವ ಆಳಿನ ಉದ್ದ, ಒಡೆಯಾ?"

"ಆಳು ಅಂದ್ರೆ ಆಳು! ಇಲ್ಲಿ ನಿಂತಿರೋದೇನು, ತೊಲೆಯಾ?" ಎಂದು ವಾಮನಯ್ಯ ಸಣಕೂಸನ ಕಡೆಗೆ ಗದ್ದ ಎತ್ತಿದ. ಮಚವೆ ಕಟ್ಟಿದ್ದ ದಕ್ಕೆಗೆ ಇಳಿಯುವ ಮುನ್ನ ಒಂದು ಮಾತು ಸೇರಿಸಿದ: "ಅಳತೆ ಎಷ್ಟು ತಪ್ಪುತ್ತದೋ ಅಷ್ಟನ್ನು ನಿನ್ನ ಮೈಯಿಂದ ಕಳೀತೇನೆ." ಕೊಟ್ಟ ಮಾತಿಗೆ ತಪ್ಪದವನು ಎಂದು ಅವನಿಗೆ ಹೆಸರಿತ್ತು.

ಮೋನಪ್ಪ ಮರುದಿನ ಸಣಕೂಸನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ.

"ಬೆನ್ನು ನೆಟ್ಟಗೆ ಮಾಡೋ. ನಾನು ಮಾಡೋದು ಬಾಗಿಲು, ಬಿಲ್ಲಲ್ಲ."

"ನಂಗೆ ಇದೇ ನೆಟ್ಗೆ, ಆಚಾರ್ರೆ."

ಮೋನಪ್ಪ ನಗುತ್ತಾ ಅವನ ಸೊಂಟಕ್ಕೆ ಮೊಣಕಾಲು ಕೊಟ್ಟು, ಭುಜ ಹಿಡಿದು ಎಳೆದ. ಎಲುಬು ಲಟಲಟ ಎಂದಿತು. ಸಣಕೂಸ ನೇರವಾಗಿ ನಿಂತ. ಅಂಗಳದ ಗೋಡೆಯಾಚೆ, ಇಷ್ಟು ವರ್ಷವೂ ಸದ್ದು ಮಾತ್ರ ಕೇಳುತ್ತಿದ್ದ ಕಡಲು ಕಣ್ಣಿಗೆ ಬಿತ್ತು. "ಅಬ್ಬಾ, ಇಲ್ಲಿಂದ ಕಾಣ್ತದಾ!" ಎಂದ. ಮೋನಪ್ಪ ಅವನ ನೆತ್ತಿಯ ಮೇಲೆ ಗೀಟು ಎಳೆದ. ಆ ಅಳತೆಗೆ ಬಾಗಿಲಿನ ಚೌಕಟ್ಟು, ಅಂದರೆ ದಾರಂದ, ಸಿದ್ಧವಾಯಿತು. ಅದರ ಮೇಲೆ ಹೂಬಳ್ಳಿಯನ್ನು ಮೋನಪ್ಪ ನಾಲ್ಕು ತಿಂಗಳು ಕೆತ್ತಿದ.

ಮಳೆಗಾಲಕ್ಕೆ ಮುಂಚೆ ವಾಮನಯ್ಯ ಮರಳಿ, ಗೃಹಪ್ರವೇಶಕ್ಕೆ ಸೇರಿದ ಊರಿನೆದುರು ಹೊಸ ಮನೆಗೆ ಬಲಗಾಲಿಟ್ಟ. ತಲೆ ಬಗ್ಗಿಸಿದ್ದು ಸಾಲದೆ ಹಣೆ ದಾರಂದಕ್ಕೆ ಬಡಿಯಿತು. ವಾದ್ಯ ನಿಂತಿತು. ಹಿಂದಿನಿಂದ ಮೀನು ಮಾರುವ ಮುದುಕಿ ಬುದವಂತಿ, "ಒಡೀರಿಗೆ ತಲೆ ಬಗ್ಸೋಕೂ ಬರ್ತದೆ ಅಂತಾಯ್ತು" ಎಂದಳು. ಕೆಲವರು ಕೆಮ್ಮಿದರು, ಅದು ಕೆಮ್ಮಲ್ಲವೆಂದು ವಾಮನಯ್ಯನಿಗೂ ಗೊತ್ತಾಯಿತು.

ಪೂಜೆಯಾದ ದಾರಂದವನ್ನು ಕಿತ್ತರೆ ಯಜಮಾನ ಉಳಿಯುವುದಿಲ್ಲ ಎಂಬ ನಂಬಿಕೆ ಈ ಕಡೆ ಇದೆ. ಬೇರೆಯವರ ಜೀವದ ವಿಷಯದಲ್ಲಿ ವಾಮನಯ್ಯನಿಗೆ ಅಳುಕಿರಲಿಲ್ಲ. ತನ್ನದರ ವಿಷಯದಲ್ಲಿ ಇತ್ತು. ಅವನು ಹಣೆ ಒರೆಸಿಕೊಂಡು ಶಾಂತನಾಗಿ, "ಆಳುದ್ದ ಎಂದದ್ದು ನಾನೇ. ಅಳತೆ ಸರಿಯಿದ್ದರೆ ಆಚಾರಿಗೆ ಪಟ್ಟೆಶಾಲು. ನೋಡಿಯೇಬಿಡುವ" ಎಂದು ಸಣಕೂಸನನ್ನು ಬಾಗಿಲಲ್ಲಿ ನಿಲ್ಲಿಸಿದ.

ಸಣಕೂಸನಿಗೆ ಎಲ್ಲವೂ ತಿಳಿದಿತ್ತು. ತಾನು ಅಂದಿನಂತೆ ನಿಂತರೆ ಆಚಾರಿಗೆ ಶಾಲು, ಇಲ್ಲದಿದ್ದರೆ ಅವನ ಮೈಗೇ ಕುತ್ತು. ಅವನು ಹಲ್ಲು ಕಚ್ಚಿ ಬೆನ್ನು ಎತ್ತಿದ, ಕತ್ತು ಎತ್ತಿದ. ನೆತ್ತಿ ಇನ್ನೇನು ಮರಕ್ಕೆ ತಾಗಬೇಕು. ಆಗ ವಾಮನಯ್ಯ ಅವನ ಎದುರಿಗೆ ಬಂದು, "ನೆಟ್ಟಗೆ ನಿಲ್ಲೋ" ಎಂದ. ಆ ದನಿ ಕೇಳಿದ್ದೇ ತಡ, ಬೆನ್ನು ಯಾರನ್ನೂ ಕೇಳದೆ ಬಾಗಿತು. "ನೆಟ್ಟಗೆ!" ಎಂದು ಗದರಿದಾಗ ಇನ್ನಷ್ಟು ಬಾಗಿತು.

"ಸಣಕೂಸಾ, ಕಡಲು ನೋಡೋ, ಕಡಲು" ಎಂದು ಮೋನಪ್ಪ ಅಂಗಲಾಚಿದ. ಸಣಕೂಸನಿಗೆ ಒಡೆಯನ ಪಾದಗಳು ಮಾತ್ರ ಕಾಣುತ್ತಿದ್ದವು.

"ಎಷ್ಟು ಸಂದು ಉಳಿಯಿತು, ಆಚಾರೀ?"

ನಲವತ್ತು ವರ್ಷ ಸಂದು ಅಳೆದ ಕೈ ತಾನಾಗಿ ಮೇಲೆ ಹೋಯಿತು. ಮೋನಪ್ಪ ನೆತ್ತಿಗೂ ಮರಕ್ಕೂ ನಡುವೆ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ, "ಸರಿಯಾಗಿ ಒಂದು ಹೆಬ್ಬೆರಳುದ್ದ" ಎಂದ. ತಾನು ಏನೆಂದೆ ಎಂಬುದು ಅವನಿಗೆ ಹೊಳೆದದ್ದು ಆಮೇಲೆ.

ಅವನದೇ ಬಾಚಿಯಿಂದ, ಅವನೇ ನಯಗೊಳಿಸಿದ ಹೊಸ್ತಿಲ ಮೇಲೆ ಅವನ ಕೈಯಿಟ್ಟು, ಅಷ್ಟನ್ನೇ ಕಳೆದರು, ಹೆಚ್ಚು ತೆಗೆಯಲಿಲ್ಲ. ವಾಮನಯ್ಯ ಮಾತಿನವನು. ಕೈಗೆ ಬಟ್ಟೆ ಸುತ್ತಿದ ಮೇಲೆ, ಉಳಿದ ಸಂದನ್ನು ಮುಚ್ಚುವಂತೆ ದಾರಂದದ ಕೆಳಗೆ ಒಂದು ಪಟ್ಟಿ ಬಡಿಯಲು ಅವನಿಗೇ ಹೇಳಿದರು. ಆಳುದ್ದ ಎಂದ ಮೇಲೆ ಆಳುದ್ದವೇ ಇರಬೇಕಷ್ಟೆ. ಬಳಿಕ ಎಲ್ಲರಿಗೂ ಊಟವಾಯಿತು, ಪಾಯಸ ಚೆನ್ನಾಗಿತ್ತು ಎನ್ನುತ್ತಾರೆ. ಅಳತೆ ಸದಾ ಕೈಗೆ ಸಿಗಲಿ ಎಂದು ವಾಮನಯ್ಯ ಸಣಕೂಸನನ್ನು ಆ ಬಾಗಿಲಿಗೇ ಕಾವಲು ಹಾಕಿದ. ಹಣೆ ಬಡಿಸಿಕೊಳ್ಳದೆ ಒಳಗೆ ಹೋದವರಿಲ್ಲ, ಒಡೆಯನೂ ಸೇರಿ. ಸಣಕೂಸನ ತಲೆ ಮಾತ್ರ ಬದುಕಿದ್ದಷ್ಟು ಕಾಲವೂ ಆ ಪಟ್ಟಿಗೆ ತಾಗಲೇ ಇಲ್ಲವಂತೆ.

ಪಟ್ಟಿ ಇಂದಿಗೂ ಇದೆ. ಬಂದವರ ಹಣೆ ತಾಗಿ ತಾಗಿ ನಡುಭಾಗ ಕನ್ನಡಿಯಂತಾಗಿದೆ. ಮೇಲಿನ ದಾರಂದದ ಹೂಬಳ್ಳಿಯಲ್ಲಿ ಒಂದು ಎಲೆಯೂ ತಪ್ಪಿಲ್ಲ; ಕೆಳಗಿನ ಪಟ್ಟಿಯ ಏಳು ಮೊಳೆಗಳಲ್ಲಿ ಒಂದೂ ನೇರವಾಗಿಲ್ಲ. ನೋಡಲು ಬಂದವರು ತಲೆ ಸವರಿಕೊಳ್ಳುತ್ತಾ, ಈ ಪಟ್ಟಿ ಯಾರೋ ಕೆಲಸ ಬಾರದವನು ಬಡಿದದ್ದಿರಬೇಕು ಎನ್ನುತ್ತಾರೆ. ಅಲ್ಲ, ಎರಡೂ ಒಂದೇ ಕೈಯ ಕೆಲಸ ಎಂದು ಊರಿನವರು ತಿದ್ದುತ್ತಾರೆ.