ಗಾಣಿಗನ ಹೆಣ ಕಾಯ್ದ ಮಾಚ

ಹೆಗ್ಗಡೆಗಳು ಊರಾಳುತ್ತಿದ್ದ ಕಾಲದಲ್ಲಿ ನಾಗವ್ವೆ ಅಂತೊಬ್ಬಳಿದ್ದಳು. ಗಂಡ ಶಿವನ ಪಾದ ಸೇರಿದ್ದ. ಉಳಿದವನು ಒಬ್ಬನೇ ಮಗ, ಮಾಚ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವಳ ಎದೆಯುರಿ.

ಒಂದು ಬೆಳಗ್ಗೆ ಗಾಣಿಗ ಬಮ್ಮಣ್ಣ ಗಾಣದ ಬುಡದಲ್ಲಿ ಸತ್ತು ಬಿದ್ದಿದ್ದ. ಪಕ್ಕದಲ್ಲೇ ನೆತ್ತರಾದ ಕತ್ತಿ. ಮೊದಲು ಕಂಡವನು ಮಾಚ. ಅಂಥ ಸಾವಿನ ವಿಚಾರಣೆ ರೇಕಣ್ಣ ಹೆಗ್ಗಡೆಯದು. "ಹೆಣದ ಹತ್ತಿರ ಯಾರನ್ನೂ ಬಿಡಬೇಡ" ಅಂತ ಮಾಚನಿಗೇ ಹೇಳಿಕಳಿಸಿದ.

ಹೆಗ್ಗಡೆ ಬಂದಾಗ ಮಾಚ ದೊಣ್ಣೆ ಅಡ್ಡ ಹಿಡಿದ.

"ನಾನೇ ಕಣೋ ಹೆಗ್ಗಡೆ."

"ನೀವೂ ಯಾರೋ ಒಬ್ಬರೇ ಅಲ್ವಾ, ಬುದ್ಧಿ?"

ದೊಣ್ಣೆ ಕಿತ್ತೆಸೆದು ಹೆಗ್ಗಡೆ ಗಾಯ ನೋಡಿದ, ಊರ ಹಿರಿಯರನ್ನು ಕರೆತರಲು ಹೋದ. ನಾಗವ್ವೆ ಓಡಿಬಂದು ಬೈದಳು: "ಮೂಳ, ದೊಡ್ಡವರನ್ನು ತಡೀತಾರಾ? ತಲೆ ತಗ್ಗಿಸಿ ಕೈಮುಗಿದು, ಕೇಳಿದ್ದು ಕೊಟ್ಟು ಕಳಿಸಬೇಕು."

"ಆಗಲವ್ವ."

ಅವಳು ಅತ್ತ ಹೋದಳು, ಇತ್ತ ಯಾರೋ ಬಂದು "ಆ ಕತ್ತಿ ಕೊಡಪ್ಪ" ಅಂದರು. ಮಾಚ ತಲೆ ತಗ್ಗಿಸಿದ, ಕೈಮುಗಿದ, ಕೊಟ್ಟ.

ಹೆಗ್ಗಡೆ ಬಂದು ನೋಡಿದರೆ ಕತ್ತಿಯಿಲ್ಲ. "ಯಾರಿಗೋ ಕೊಟ್ಟೆ?"

"ದೊಡ್ಡವರಿಗೆ."

"ಯಾವ ದೊಡ್ಡವರು?"

"ತಲೆ ತಗ್ಗಿಸಿದ್ದೆ ಬುದ್ಧಿ, ಪಾದ ಕಂಡಿತು, ಮುಖ ಕಾಣಲಿಲ್ಲ."

"ಸಂಜೆಯೊಳಗೆ ಕತ್ತಿ ಬರಬೇಕು. ಇಲ್ಲವಾದರೆ ಕೊಂದವನು ನೀನಲ್ಲ ಅಂತ ಕಾದ ಎಣ್ಣೆಯಲ್ಲಿ ಕೈ ಅದ್ದಿ ತೋರಿಸು."

ನಾಗವ್ವೆ ಮಗನ ಕೈಯನ್ನು ಸೆರಗಲ್ಲಿ ಸುತ್ತಿ ಹಿಡಿದುಕೊಂಡಳು. "ಇನ್ನು ಯಾರ ಮಾತೂ ಬೇಡ. ಹೆಣ ಬಿದ್ದಿರುವಾಗ ಊರಲ್ಲಿ ಒಲೆ ಹಚ್ಚಬಾರದು. ಎಲ್ಲಾದರೂ ಬೆಂಕಿ ಕಂಡರೆ ನೀರು ಹುಯ್ಯಿ. ಆ ಪುಣ್ಯವಾದರೂ ನಿನ್ನ ಕೈ ಕಾಯಲಿ."

ಮಾಚ ಕೊಡ ಹೊತ್ತು ಬೀದಿ ಬೀದಿ ಸುತ್ತಿದ. ಎಲ್ಲ ಒಲೆಯೂ ತಣ್ಣಗೆ. ಬಮ್ಮಣ್ಣನ ದಾಯಾದಿ ಬೀಚಣ್ಣನ ಹಿತ್ತಲಲ್ಲಿ ಮಾತ್ರ ಹೊಗೆ. ಮಾಚ ಒಳನುಗ್ಗಿ ಒಲೆಗೆ ಕೊಡ ಬಗ್ಗಿಸಿದ. ಬೀಚಣ್ಣ ಬೈಯುತ್ತ ಅಟ್ಟಿಸಿಕೊಂಡು ಬಂದ. ಗಲಾಟೆಗೆ ಹೆಗ್ಗಡೆಯೂ ಬಂದ, ಒಲೆ ಕೆದಕಿದ. ಅರ್ಧ ಸುಟ್ಟ ನೆತ್ತರ ಪಂಚೆ, ಹಿಡಿ ಸುಟ್ಟ ಕತ್ತಿ.

"ಅಣ್ಣನ ಹೆಣ ಬಿದ್ದಿರುವಾಗ ಏನಪ್ಪ ಬೇಯಿಸ್ತಿದ್ದೆ?"

ಬೀಚಣ್ಣ ಕುಸಿದು ಕೂತ. "ಗಾಣ ಒಂದು, ನಾವಿಬ್ಬರು, ಬುದ್ಧಿ" ಅಂದ.

ನಾಗವ್ವೆ ಗುಡಿಯ ದಿಕ್ಕಿಗೆ ಅಡ್ಡಬಿದ್ದಳು. ಮಗನ ಕೈ ಉಳಿಯಿತು.

ಸಂಜೆ ಹೊಳೆದಂಡೆಯಲ್ಲಿ ಬಮ್ಮಣ್ಣನ ಚಿತೆಗೆ ಬೆಂಕಿಯಿಟ್ಟರು. ಊರೇ ತಲೆಬಾಗಿ ನಿಂತಿತ್ತು. ನಾಗವ್ವೆ ಮಗನಿಗಾಗಿ ತಿರುಗಿ ನೋಡಿದಳು. ಪಕ್ಕದಲ್ಲಿಲ್ಲ. ಹೊಳೆಯಿಂದ ತುಂಬಿದ ಕೊಡ ಹೊತ್ತು ಮೇಲೆ ಬರುತ್ತಿದ್ದ. "ಬೇಡ ಕಣೋ" ಅನ್ನುವಷ್ಟರಲ್ಲಿ ಚೊಯ್ ಅಂದಿತು. ಹೆಗ್ಗಡೆಯ ಮೀಸೆಯವರೆಗೂ ಬೂದಿ.

ಆ ಹೊಗೆಯೊಳಗಿಂದ ಮಾಚನ ದನಿ ಬಂತು: "ಹೆದರಬೇಡವ್ವ. ಹೆಣ ಇನ್ನೂ ಇಲ್ಲೇ ಇದೆ. ನೋಡ್ಕೊಂಡೇ ಹುಯ್ದೆ."