ಮಹಾರಾಜರ ದವಡೆಹಲ್ಲಿನ ಮೇಲ್ಮನವಿ

"ಪ್ರಭು, ಆರೋಗ್ಯ ಭಂಡಾರದ ಕಣಜ ತುಂಬಿ ತುಳುಕುತ್ತಿದೆ! ಕಾಳು ಸುರಿಯುವವರು ಊರೆಲ್ಲ ಇದ್ದಾರೆ, ಬೇಕು ಅಂತ ಕೇಳಿ ಗೆದ್ದವನು ಒಬ್ಬನೂ ಇಲ್ಲ!" ಎಂದು ಭಂಡಾರಿ ತಿಮ್ಮರಸಯ್ಯ ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿದ.

ಕಂಬಾಳಪುರದ ಕಟ್ಟಳೆಯೇ ಹಾಗಿತ್ತು. ಸುಗ್ಗಿಗೆ ಮನೆಮನೆಯವರೂ ಅರಮನೆಯ ಕಣಜಕ್ಕೆ ಕಾಳು ಹಾಕಬೇಕು, ಕಾಯಿಲೆ ಬಿದ್ದರೆ ಅರಮನೆಯ ವೈದ್ಯರು ಪುಕ್ಕಟೆ ನೋಡಬೇಕು. ಮೊದಲ ಮೊರ ಕಾಳು ಹಾಕುವವರು ಮಹಾರಾಜರೇ. ಆದರೆ ವೈದ್ಯರು ಹೊಸಿಲು ದಾಟಲು ಭಂಡಾರಿ ಹೂಂ ಅನ್ನಬೇಕಿತ್ತು. ಆ ಪುಣ್ಯಾತ್ಮನಿಗೋ ಹುಟ್ಟಿದಾರಭ್ಯ ಹೂಂ ಅಂದು ಗೊತ್ತೇ ಇಲ್ಲ!

ಅಷ್ಟರಲ್ಲಿ ನೇಕಾರರ ನೀಲವ್ವ ಓಡಿಬಂದಳು.

"ಬುದ್ಧೀ, ನನ್ನ ಗಂಡ ಸಂಕಣ್ಣ ಅಟ್ಟದಿಂದ ಬಿದ್ದು ಕಾಲು ಮುರ್ಕೊಂಡವ್ನೆ. ಬೇಗ ಮೂಳೆ ಕೂಡಿಸದಿದ್ರೆ ಕುಂಟನಾಗ್ತಾನೆ. ಆಮೇಲೆ ಮಗ್ಗ ತುಳಿಯೋರ್ಯಾರು?"

"ಆ ಕಾಲು ಯಾವಾಗಿನಿಂದ ಇದೆ?" ಕೇಳಿದ ಭಂಡಾರಿ.

"ಇದೇನ್ ಬುದ್ಧೀ, ಹುಟ್ಟಿದಾಗಿಂದ!"

"ಕೇಳಿದಿರಾ ಪ್ರಭು? ಕಾಳು ಹಾಕುವ ಮೊದಲೇ ಇದ್ದ ಕಾಲು. ಹಳೇ ಬಾಬತ್ತು. ಕೊಡಲಾಗದು."

ವಿದೂಷಕ ಚೆಲುವಯ್ಯನಿಗೆ ಮೈಯೆಲ್ಲ ಉರಿಯಿತು. "ಒಪ್ಪದಿದ್ದರೆ ದಾರಿಯೇನು, ಸ್ವಾಮಿ?"

"ಮೇಲ್ಮನವಿ! ರೋಗಿ ತಾನೇ ಗೋಪುರ ಹತ್ತಿ ಗಂಟೆ ಬಾರಿಸಬೇಕು. ವಿಚಾರಿಸುವವನು ನಾನೇ. ಹತ್ತಿ ಬಂದರೆ ಗಟ್ಟಿಮುಟ್ಟಾಗಿದ್ದಾನೆ ಅಂತಾಯಿತು, ವೈದ್ಯರು ಬೇಕಿಲ್ಲ. ಹತ್ತಲಾಗದಿದ್ದರೆ ಮನವಿಯೇ ಬಂದಿಲ್ಲ."

"ಪ್ರಭು, ಇದು ಅನ್ಯಾಯ" ಎಂದ ಚೆಲುವಯ್ಯ. "ಆ ಮನುಷ್ಯ ನೋವಿನಲ್ಲಿ ಒದ್ದಾಡುತ್ತಿದ್ದಾನೆ."

ಮಹಾರಾಜರು ಬಲಗೆನ್ನೆ ಒತ್ತಿಕೊಂಡು ಎಡಗಡೆಯಿಂದಲೇ ತಾಂಬೂಲ ಮೆಲ್ಲುತ್ತಿದ್ದರು. "ಕಟ್ಟಳೆ ಅಂದಮೇಲೆ ಕಟ್ಟಳೆ, ಚೆಲುವಯ್ಯ. ನನಗೂ ಅದೇ."

"ತಮಗೂ ಅದೇ ಅಂತ ಕಾವಲಿನವರಿಗೆ ಹೇಳಿಬಿಡಲೇ?"

"ಧಾರಾಳವಾಗಿ!"

ಚೆಲುವಯ್ಯ ಆ ಕೆನ್ನೆಯನ್ನು ಸರಿಯಾಗಿ ನೋಡಿಕೊಂಡ. ವೈದ್ಯರ ಇಕ್ಕಳಕ್ಕೆ ಹೆದರಿ ಮಹಾರಾಜರು ಹುಳುಕು ಹಲ್ಲನ್ನು ಮುಚ್ಚಿಟ್ಟುಕೊಂಡಿರುವುದು ಅವನಿಗೆ ಗೊತ್ತಿತ್ತು. ನೆಟ್ಟಗೆ ಅಡುಗೆಮನೆಗೆ ಹೋದ. ಪಾಕ ಏರಿ ಕಲ್ಲಿನಂತಾಗಿದ್ದ ಎಳ್ಳುಂಡೆಗಳನ್ನು ತಟ್ಟೆಯ ತುಂಬ ತಂದಿಟ್ಟ. ಎಳ್ಳುಂಡೆ ಕಂಡರೆ ಮಹಾರಾಜರು ಸುಮ್ಮನಿರುವ ಪೈಕಿಯೇ? ಕಚ್ಚಿದ್ದೇ ತಡ, ಹುಳುಕು ಹಲ್ಲು ಕಟಂ ಎಂದಿತು.

"ಅಯ್ಯಯ್ಯೋ! ವೈದ್ಯರನ್ನು ಕರೀರಿ!"

ವೈದ್ಯರು ಓಡಿಬಂದರೆ ಬಾಗಿಲಲ್ಲಿ ಕಾವಲಿನವರು ಈಟಿ ಅಡ್ಡ ಹಿಡಿದರು.

"ಪ್ರಭು, ಆ ಹಲ್ಲು ಯಾವಾಗಿನದು?" ಕೇಳಿದ ಚೆಲುವಯ್ಯ.

"ಚಿಕ್ಕಂದಿನದು ಕಣಯ್ಯ!"

"ಹಾಗಾದರೆ ಹಳೇ ಬಾಬತ್ತು. ಕೊಡಲಾಗದು. ಗೋಪುರ ಆ ಕಡೆ."

ಊದಿದ ಕೆನ್ನೆ ಹಿಡಿದು, ಏದುಸಿರು ಬಿಡುತ್ತ, ಮೆಟ್ಟಿಲಿಗೊಂದು ಬೈಗುಳ ಉದುರಿಸುತ್ತ ಮಹಾರಾಜರು ಹತ್ತಿದರು. ಢಣ್ ಢಣ್ ಸದ್ದಿಗೆ ಊರೇ ನೆರೆಯಿತು. ಭಂಡಾರಿಯೂ ಬಂದ. ಗಂಟೆಯ ಹಗ್ಗ ಯಾರ ಕೈಯಲ್ಲಿದೆ ಎಂದು ನೋಡಿದವನೇ ಬೆವರಿಹೋದ.

"ಅಪ್ಪಣೆಯಾಗಲಿ ಭಂಡಾರಿಗಳೇ" ಎಂದ ಚೆಲುವಯ್ಯ. "ಹಲ್ಲು ಹಳೆಯದು. ರೋಗಿ ಗೋಪುರವನ್ನೂ ಹತ್ತಿದ್ದಾರೆ. ಮನವಿ ವಜಾ ತಾನೇ?"

"ಛೆ ಛೆ! ಹಲ್ಲು ಹಳೆಯದಾದರೇನು, ನೋವು ಹೊಸದಲ್ಲವೇ? ಮೆಟ್ಟಿಲು ಹತ್ತಿದ ಮಾತ್ರಕ್ಕೆ ಕಾಯಿಲೆ ಸುಳ್ಳಾಗುತ್ತದೆಯೇ? ಮನವಿ ಮಂಜೂರು!"

"ಊರವರೇ, ಕೇಳಿದಿರಲ್ಲ! ಸಂಕಣ್ಣನ ಕಾಲು ಹಳೆಯದು, ಮುರಿದದ್ದು ಇವತ್ತು. ಅದೂ ಮಂಜೂರು!"

ಭಂಡಾರಿ ಬಾಯಿ ತೆರೆದ. ಮಹಾರಾಜರ ಮುಖ ನೋಡಿ ಹೂಂ ಅಂದ.

"ವೈದ್ಯರೇ, ಮೊದಲು ಸಂಕಣ್ಣನ ಮನೆಗೆ ನಡೆಯಿರಿ" ಎಂದರು ಮಹಾರಾಜರು. ಇಕ್ಕಳ ಅಷ್ಟು ಹೊತ್ತಾದರೂ ದೂರವಿರಲಿ ಎಂಬ ಆಸೆ! "ಇನ್ನು ಮೇಲೆ ಇಲ್ಲ ಅಂದವನೇ ಮೇಲ್ಮನವಿ ವಿಚಾರಿಸಕೂಡದು. ವಿಚಾರಿಸುವವನು ಬೇರೆ ಇರಲಿ, ರೋಗಿ ಮಲಗಿದ್ದಲ್ಲಿಗೇ ಅವನು ಹೋಗಲಿ. ತಿಮ್ಮರಸಯ್ಯ, ನೀನು ನಾಳೆಯಿಂದ ವೈದ್ಯರ ಮದ್ದಿನ ಚೀಲ ಹೊತ್ತುಕೊಂಡು ಮನೆಮನೆಗೆ ತಿರುಗು."

ನೀಲವ್ವ ಕಣ್ಣೊರೆಸಿಕೊಂಡು ವೈದ್ಯರ ಹಿಂದೆ ಓಡಿದಳು. ಮಹಾರಾಜರು ತಮ್ಮ ಕೈಯ ಕಡಗ ತೆಗೆದು ಚೆಲುವಯ್ಯನಿಗೆ ತೊಡಿಸಿ ಗದರಿದರು:

"ಅಲ್ಲಯ್ಯಾ, ಇಂಥ ಕೆಟ್ಟ ಕಟ್ಟಳೆ ಇದೆ ಅಂತ ನನಗೆ ಮೊದಲೇ ಹೇಳಬಾರದಿತ್ತೇ?"

"ಬೆಳಿಗ್ಗೆಯೇ ಹೇಳಿದೆ ಪ್ರಭು. ಆಗ ನೋವು ಸಂಕಣ್ಣನದಾಗಿತ್ತು, ತಮಗೆ ಕೇಳಿಸಲಿಲ್ಲ."