ಕರಡಿಯ ಭಾರ, ನರಿಯ ದಿಂಬು

ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕೂತು ಕೇಳುವ ದೊಡ್ಡವರೇ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಕಥೆ ಬರೆಯುತ್ತಿರುವುದು ಇದೇ ಮೊದಲು. ಚೆನ್ನಾಗಿ ಹೇಳಲು ಬರುವುದಿಲ್ಲ. ಎಲ್ಲವನ್ನೂ ವಿವರಿಸುವ ಚಾಳಿ ಬೇರೆ. ಕುಡಿಯಲು ನೀರು ಕೇಳಿದವರಿಗೆ ಬಾವಿಯ ಆಳ ಹೇಳುವವನು ನಾನು. ಈ ಕಥೆ ಬರೆಯಲೆಂದೇ ಒಂದು ದೊಡ್ಡ ಮೇಜು ಮಾಡಿಸಿದೆ. ಅದು ಕೋಣೆಯಲ್ಲಿ ಹಿಡಿಯಲಿಲ್ಲವೆಂದು ಅಲ್ಲಿ ಸಣ್ಣ ಬದಲಾವಣೆ ಮಾಡಿಸಬೇಕಾಯಿತು. ಅದು ಕಥೆಗೆ ಸಂಬಂಧಪಟ್ಟದ್ದಲ್ಲ. ಈಚೆಗೆ ನಮ್ಮ ಮಹಡಿಯ ಹಲಗೆ ನೆಲ ನಡುವೆ ತಗ್ಗಾಗಿದೆ. ಹೆಂಡತಿಯ ಹೊಲಿಗೆ ಯಂತ್ರದ ಭಾರಕ್ಕೆ ಹಾಗಾಗಿದೆ ಎಂದು ಅವಳಿಗೆ ಹೇಳಿದ್ದೇನೆ. ಅದೂ ಕಥೆಗೆ ಸಂಬಂಧಪಟ್ಟದ್ದಲ್ಲ. ಇರಲಿ, ಶುರು ಮಾಡುತ್ತೇನೆ.

ಒಂದು ಕಾಡಿನಲ್ಲಿ, ಇಳಿಜಾರಿನ ಮೇಲೆ, ಹಲಗೆಯ ಮನೆಯೊಂದಿತ್ತು. ಅದನ್ನು ಯಾರು ಕಟ್ಟಿದರು ಎಂದು ಕೇಳಬೇಡಿ. ಕಟ್ಟಿದವರನ್ನು ಕಲ್ಪಿಸಿಕೊಳ್ಳಲು ಎರಡು ದಿನ ಒದ್ದಾಡಿ ಕೈಬಿಟ್ಟೆ. ಇಳಿಜಾರಿನ ಮೇಲಿದ್ದುದರಿಂದ ಅದರ ನೆಲವನ್ನು ಕಂಬಗಳು ಹೊತ್ತಿದ್ದವು. ನಾಲ್ಕು ಮೂಲೆಗೆ ನಾಲ್ಕು ಕಂಬ, ನಟ್ಟನಡುವೆ ಇನ್ನೊಂದು. ಕಂಬಗಳ ಮೇಲೆ ತೊಲೆ, ಅಂದರೆ ಉದ್ದನೆಯ ದಪ್ಪ ಮರ. ತೊಲೆಗಳ ಮೇಲೆ ಹಲಗೆ. ಹಲಗೆಗಳ ಮೇಲೆ ಪ್ರಾಣಿಗಳು.

ಆ ಪ್ರಾಣಿಗಳು ಯಾರೆಂದು ಹೇಳಬೇಕಲ್ಲ. ಹತ್ತಿಯಕ್ಕ ಎಂಬ ಮೊಲ, ಅವಳ ನಾಲ್ಕು ಮರಿಗಳು. ಬೋಗುಣಿಯಜ್ಜಿ ಎಂಬ ಆಮೆ. ಗುಡ್ಡಯ್ಯ ಎಂಬ ಮುದಿ ಕರಡಿ. ಗುಡ್ಡಯ್ಯನಿಗೆ ಬೆನ್ನುನೋವು, ಜೊತೆಗೆ ಕೆಮ್ಮು. ಅದಕ್ಕೇ ಅವನು ಯಾವಾಗಲೂ ಗೋಡೆಗೆ ಒರಗಿಯೇ ಮಲಗುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೀಗೆ ಮೊದಲೇ ಹೇಳಿಬಿಡಬಾರದಂತೆ. ಹೇಳಿಬಿಟ್ಟೆ.

ನೆಲದ ಕೆಳಗೆ, ಕಂಬಗಳ ನಡುವೆ, ಚೂಪಯ್ಯ ಎಂಬ ನರಿ ಇತ್ತು. ಬೇರೆ ಪ್ರಾಣಿ ತೋಚಲಿಲ್ಲ. ನರಿಗಳು ಮನ್ನಿಸಬೇಕು.

ಚೂಪಯ್ಯನಿಗೆ ಕಾಲು ಚಾಚಿ ಮಲಗುವ ಆಸೆ. ನಡುವಿನ ಕಂಬ ಅಡ್ಡ ಬರುತ್ತಿತ್ತು. "ನಾಲ್ಕು ಕಂಬ ಇದ್ದರೆ ಸಾಲದೇ? ಇದೊಂದು ಯಾಕೆ?" ಎಂದುಕೊಂಡು ನರಿ ಕಂಬದ ಬುಡದ ಮಣ್ಣು ಕೆದರಿತು. ಅಲ್ಲಾಡಿಸಿತು. ಕಂಬ ಬಿತ್ತು. ಅದನ್ನೇ ಉರುಳಿಸಿ ದಿಂಬು ಮಾಡಿಕೊಂಡು ಸುಖವಾಗಿ ಮಲಗಿತು.

ಕಂಬ ಹೋದ ದಿನವೇ ನೆಲ ಕುಸಿಯುವುದಿಲ್ಲ. ತೊಲೆ ಬಹಳ ಮರ್ಯಾದಸ್ಥ ವಸ್ತು. ಒಂದಷ್ಟು ದಿನ ತಡೆದುಕೊಳ್ಳುತ್ತದೆ. ಆಮೇಲೆ ಬಾಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಮನೆಯ ನಡುವೆ ಒಂದು ತಗ್ಗು ಕಂಡಿತು. ಬಾಗಿಲು ಹಾಕಿದರೆ ಹಾಕಿಕೊಳ್ಳದು, ತೆಗೆದರೆ ತೆಗೆಯದು. ಎಲ್ಲರೂ ಸಭೆ ಸೇರಿದರು. ನರಿಯೂ ಮೇಲೆ ಬಂತು.

"ನಾನು ಕೆಳಮನೆಯವನು, ನಿಮ್ಮ ವಿಷಯದಲ್ಲಿ ಬಾಯಿ ಹಾಕಬಾರದು," ಎಂದಿತು ನರಿ. "ಆದರೂ ಒಂದು ಮಾತು. ಈ ಮನೆಯಲ್ಲಿ ಎಲ್ಲರಿಗಿಂತ ಭಾರ ಯಾರು?"

ಎಲ್ಲರೂ ಗುಡ್ಡಯ್ಯನ ಕಡೆ ನೋಡಿದರು. ಗುಡ್ಡಯ್ಯನೂ ತಿರುಗಿ ತನ್ನ ಹಿಂದೆ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು.

"ನಾನಾ?" ಎಂದ ಕರಡಿ. "ಜೇನು ಬಿಡ್ತೀನಿ. ಒಪ್ಪತ್ತು ಉಣ್ತೀನಿ."

"ಮೂಳೆಯನ್ನೂ ಬಿಡಕ್ಕಾಗುತ್ತಾ ಗುಡ್ಡಯ್ಯ?" ಎಂದಿತು ನರಿ ಮರುಕದಿಂದ. "ಪಾಪ, ಮೊಲದ ಮರಿಗಳಿರೋ ಮನೆ. ನೆಲ ಕುಸಿದರೆ ಯಾರ ತಲೆಗೆ ಬರುತ್ತೆ?"

ಹತ್ತಿಯಕ್ಕ ಮರಿಗಳನ್ನು ಹತ್ತಿರ ಎಳೆದುಕೊಂಡಳು. ಎಳೆದುಕೊಂಡದ್ದನ್ನು ಗುಡ್ಡಯ್ಯ ನೋಡಿದ. ತನ್ನ ಕಂಬಳಿ ಸುತ್ತಿಕೊಂಡು ಹೊರಟ. ಅದು ಪುಷ್ಯ ಮಾಸ. ಮೈ ಕೊರೆಯುವ ಚಳಿ. ಅವನು ಲಂಟಾನದ ಪೊದೆಯೊಂದರ ಕೆಳಗೆ ಕೂತ. ಅವನ ಕೆಮ್ಮು ಮನೆಯವರೆಗೂ ಕೇಳುತ್ತಿತ್ತು. ಚಳಿಗಾಲ ಪೂರ್ತಿ ಅಲ್ಲೇ ಇದ್ದಿದ್ದರೆ ಆ ಮುದಿ ಜೀವ ಉಳಿಯುತ್ತಿರಲಿಲ್ಲ.

ಇತ್ತ ನರಿ ಮೇಸ್ತ್ರಿಯಾಯಿತು. ಕೆಸರು ತಂದು ತಗ್ಗಿಗೆ ಮೆತ್ತಿತು. ನೆಲ ಅಂಗೈಯಂತೆ ಸಮವಾಯಿತು. ಕೆಲಸಕ್ಕೆ ಒಂದು ಬುಟ್ಟಿ ಬೋರೆಹಣ್ಣು ಪಡೆದು ಕೆಳಗೆ ಹೋಯಿತು. ನಾಲ್ಕೇ ದಿನಕ್ಕೆ ಮತ್ತೆ ತಗ್ಗು.

"ಕರಡಿ ಹೋದರೂ ತಗ್ಗು ಬಂತಲ್ಲ ಮೇಸ್ತ್ರಿ?" ಎಂದಳು ಹತ್ತಿಯಕ್ಕ.

"ಕರಡಿ ಹೋಗಿದೆ ತಾಯಿ. ಅದರ ಭಾರ ಇನ್ನೂ ಹಲಗೆಯಲ್ಲೇ ಇದೆ. ಇಳಿಯಕ್ಕೆ ಟೈಮ್ ಬೇಕು," ಎಂದಿತು ನರಿ. ಮತ್ತೆ ಕೆಸರು. ಮತ್ತೆ ಬೋರೆಹಣ್ಣು. ಆಮೇಲೆ ಮೂರನೆಯ ಸಲವೂ ಹಾಗೇ.

ಇಲ್ಲಿ ನಿಲ್ಲಿಸಿ ಒಂದು ವಿಷಯ ಹೇಳಬೇಕು. ಕೆಸರಿಗೂ ಭಾರವಿದೆ. ಬಾಗಿದ ತೊಲೆಯ ಮೇಲೆ ಕೆಸರು ಹಾಕಿದರೆ ತೊಲೆ ಇನ್ನಷ್ಟು ಬಾಗುತ್ತದೆ, ಆಗ ಇನ್ನಷ್ಟು ಕೆಸರು ಬೇಕಾಗುತ್ತದೆ. ಇದು ನಿಮಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲು ತಡವಾಯಿತು, ಅದಕ್ಕೇ ಹೇಳಿದೆ.

ಕರಡಿ ಹೋದ ಹದಿನೈದನೆಯ ದಿನ ಮರಿಗಳು ಬೇಲದ ಕಾಯಿ ಉರುಳಿಸಿ ಆಡುತ್ತಿದ್ದವು. ಯಾವ ಮೂಲೆಯಿಂದ ಬಿಟ್ಟರೂ ಕಾಯಿ ಉರುಳಿ ನಟ್ಟನಡುವೆ ಹೋಗಿ ನಿಲ್ಲುತ್ತಿತ್ತು. ಬೋಗುಣಿಯಜ್ಜಿ ಚಿಪ್ಪಿನಿಂದ ಕತ್ತು ಹೊರಗೆ ಹಾಕಿದಳು.

"ಹತ್ತೀ, ಗುಡ್ಡಯ್ಯ ಎಲ್ಲಿ ಮಲಗ್ತಿದ್ದ?"

"ಗೋಡೆ ಪಕ್ಕ, ಅಜ್ಜಿ."

"ಕಾಯಿ ಎಲ್ಲಿ ನಿಲ್ತು?"

"ನಡುವೆ."

"ಗೋಡೆ ಪಕ್ಕ ಮಲಗಿದವನು ನಡುವಿನ ನೆಲ ಹೇಗೆ ಕುಸಿಸಿದ?"

ಹತ್ತಿಯಕ್ಕನ ಕಿವಿಗಳು ಜೋತುಬಿದ್ದವು. "ಅಯ್ಯೋ ಅಜ್ಜಿ. ನಾನು ಯೋಚನೇನೇ ಮಾಡ್ಲಿಲ್ಲ."

"ನಾನು ಮಾಡಿದ್ನಾ? ಮುನ್ನೂರು ವರ್ಷದ ತಲೆ ಅಂತ ಹೆಸರಿಗೆ ಹೊತ್ಕೊಂಡು ತಿರುಗ್ತೀನಿ," ಎಂದಳು ಅಜ್ಜಿ. "ಒಬ್ಬರಾದ್ರೂ ಕೆಳಗೆ ಬಗ್ಗಿ ನೋಡಿದ್ವಾ? ನಡಿ. ಮರಿಗಳನ್ನೂ ಕರ್ಕೋ."

ಎಲ್ಲರೂ ಹೊರಗೆ ಬಂದರು. ಅಜ್ಜಿ ಮೆಟ್ಟಿಲಿಳಿಯಲು ಮಧ್ಯಾಹ್ನದವರೆಗೂ ಹಿಡಿಯಿತು. ಆಮೆಯಾದ್ದರಿಂದ. ಕೊನೆಯ ಮೆಟ್ಟಿಲಿಗೆ ಬಂದಾಗ ಒಳಗಿನಿಂದ ಚಟಚಟ ಸದ್ದು ಬಂತು. ಮೂರು ಪದರ ಕೆಸರು ಹೊತ್ತ ನೆಲ ಒಂದು ಮೊಳ ಕೆಳಗಿಳಿದು ಕೂತಿತು.

ಕೆಳಗಿನಿಂದ ನರಿಯ ಕೂಗು ಕೇಳಿಸಿತು. "ಸತ್ತೆ, ಕಾಪಾಡಿ."

ಅಜ್ಜಿ ಬಗ್ಗಿ ನೋಡಿದಳು. ಅವಳು ಯಾವಾಗಲೂ ಬಗ್ಗಿಯೇ ಇರುವವಳು, ಆದರೂ ನೋಡಿದಳು. ತೊಲೆ ನರಿಯ ಬೆನ್ನಿಗೆ ತಾಗಿತ್ತು. ಹೊರಬರುವ ಕಂಡಿ ಅರ್ಧ ಮುಚ್ಚಿತ್ತು. ಬೋರೆಹಣ್ಣು ತಿಂದು ಊದಿದ್ದ ನರಿಗೆ ಉಳಿದರ್ಧದಲ್ಲಿ ತೂರಲಾಗಲಿಲ್ಲ. ಅದರ ತಲೆಯ ಕೆಳಗೆ ಕಂಬ ಮಲಗಿತ್ತು.

"ಅದೇನಪ್ಪ ಚೂಪಯ್ಯ, ತಲೆ ಕೆಳಗೆ?" ಎಂದಳು ಅಜ್ಜಿ.

"ದಿಂಬು, ಅಜ್ಜಿ."

"ನಿಂತಿದ್ದಾಗ ಅದು ಏನಾಗಿತ್ತು?"

ತೊಲೆ ಇನ್ನೊಂದು ಬೆರಳು ಇಳಿಯಿತು. "ಕಂಬ, ಅಜ್ಜಿ. ನಾನೇ ಕಿತ್ತೆ," ಎಂದಿತು.

ಆ ತೊಲೆಯನ್ನು ಎತ್ತುವ ಶಕ್ತಿ ಕಾಡಿನಲ್ಲಿ ಒಬ್ಬನಿಗೇ ಇತ್ತು. ಹತ್ತಿಯಕ್ಕ ಪೊದೆಯ ಹತ್ತಿರ ಹೋದಳು. "ಅಣ್ಣಾ, ತಪ್ಪು ನಮ್ಮದು. ಬಾ," ಎಂದಳು.

ಗುಡ್ಡಯ್ಯ ಕೆಮ್ಮುತ್ತ ಬಂದ. ಕಂಡಿಯಲ್ಲಿ ಇಣುಕಿದ. "ಚೂಪಯ್ಯ, ನಾನು ಭಾರದವನು. ಒಳಗೆ ಬಂದರೆ ನೆಲ ಇನ್ನೂ ಕುಸಿಯುತ್ತೇನೋ."

"ಹಾಗನ್ಬೇಡ ನಮ್ಮಪ್ಪ. ನೀನು ಹೂವಿಗಿಂತ ಹಗುರ," ಎಂದಿತು ನರಿ.

"ನೋಡ್ದ್ಯಾ, ಇದು ಇನ್ನೂ ಸುಳ್ಳೇ ಹೇಳ್ತಿದೆ," ಎಂದ ಗುಡ್ಡಯ್ಯ ಹತ್ತಿಯಕ್ಕನಿಗೆ. ಆದರೂ ಕಂಡಿಯ ಬಾಯಲ್ಲೇ ಬಗ್ಗಿ ತೊಲೆಗೆ ಬೆನ್ನು ಕೊಟ್ಟ. ಅದೇ ನೋಯುವ ಬೆನ್ನು. ಮೆಲ್ಲಗೆ ಎದ್ದ. ತೊಲೆ ನಾಲ್ಕು ಬೆರಳು ಮೇಲೇರಿತು. ನರಿ ಹೊರಗುರುಳಿತು. ಅಜ್ಜಿ ತೊಲೆಯ ಕೆಳಗೆ ಕಲ್ಲುಗಳನ್ನು ಜೋಡಿಸಿದಳು.

ಮೊದಲು ಮೇಲಿನ ಕೆಸರು ತೆಗೆಯಬೇಕಿತ್ತು. ಮೆತ್ತಿದ ನರಿಯೇ ಕೆರೆದು ತೆಗೆಯಿತು. ಕೆಸರು ಒಣಗಿ ಕಲ್ಲಾಗಿತ್ತು. ನರಿಯ ಉಗುರುಗಳು ಸವೆದುಹೋದವು. ಆಮೇಲೆ ಗುಡ್ಡಯ್ಯ ದಿನಕ್ಕೊಂದು ಬೆರಳಿನಂತೆ ತೊಲೆಯನ್ನು ಎತ್ತಿದ. ಒಂದೇ ದಿನ ಪೂರ್ತಿ ಎತ್ತಿದರೆ ಹಲಗೆಗಳು ಸೀಳುತ್ತವೆ. ಒಂದೂವರೆ ತಿಂಗಳು ಬಾಗಿದ್ದಕ್ಕೆ ನೆಟ್ಟಗಾಗಲೂ ಸಮಯ ಕೊಡಬೇಕು. ನೆಲ ಸಮವಾದ ದಿನ ಕಂಬವನ್ನು ಮಣ್ಣಿನಲ್ಲಿ ನೆಡದೆ ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಿದರು. ಹತ್ತಿಯಕ್ಕ ಮೂಲೆಯಲ್ಲಿ ಬೇಲದ ಕಾಯಿ ಇಟ್ಟಳು. ಅದು ಇಟ್ಟಲ್ಲೇ ನಿಂತಿತು. ಗುಡ್ಡಯ್ಯ ಮೊದಲಿನಂತೆ ಗೋಡೆಗೆ ಒರಗಿ ಮಲಗಿದ. ಆ ಚಳಿಯಲ್ಲಿ ನಾಲ್ಕು ಮರಿಗಳೂ ಅವನ ಹೊಟ್ಟೆಯ ಮೇಲೆ ಮಲಗಿದವು. ಈಗ ಅವನು ನಾಲ್ಕು ಮೊಲದಷ್ಟು ಹೆಚ್ಚು ಭಾರವಾಗಿದ್ದ. ನೆಲ ಅಲ್ಲಾಡಲಿಲ್ಲ. ನರಿ ಲಂಟಾನದ ಪೊದೆಗೆ ಹೋಯಿತು, ದಿಂಬಿಲ್ಲದೆ.

ನೀತಿ: ನೆಲ ಕುಸಿದಾಗ ಮೇಲೆ ಕೂತವನನ್ನು ದೂರುವ ಮೊದಲು, ಕೆಳಗಿನ ಕಂಬವನ್ನು ಯಾರು ಕಿತ್ತರೆಂದು ನೋಡಬೇಕು. ಇದನ್ನು ಸ್ವಲ್ಪ ವಿವರಿಸುತ್ತೇನೆ. ಕಂಬ ಎಂದರೆ ಇಲ್ಲಿ ಬರೀ ಕಂಬವಲ್ಲ. ಕಂಬವೂ ಹೌದು. ಉದಾಹರಣೆಗೆ, ಒಬ್ಬನು ತನ್ನ ದೊಡ್ಡ ಮೇಜಿಗೆ ಅಡ್ಡ ಬರುತ್ತದೆಂದು ಕೋಣೆಯ ನಡುವಿನ ಒಂದು ಕಂಬವನ್ನು, ಅದೂ ಚಿಕ್ಕದೇ ಕಂಬವನ್ನು, ತೆಗೆಸಿದನೆಂದುಕೊಳ್ಳಿ. ಆಗ ಮಹಡಿಯ ಮೇಲೆ ಹೊಲಿಗೆ ಯಂತ್ರವು... ತಡೆಯಿರಿ, ಮೇಲಿನಿಂದ ಹೆಂಡತಿ ಕರೆಯುತ್ತಿದ್ದಾಳೆ. ಯಂತ್ರ ತಾನಾಗಿಯೇ ನಡುವಿಗೆ ಸರಿದಿದೆಯಂತೆ. ಬಂದೆ ಎಂದೆ. ಮೊದಲು ಈ ಮೇಜನ್ನು ಇಲ್ಲಿಂದ...